ಇಬ್ಬರು ತಾಯಂದಿರ ಹೆಲೆನ್: ಗ್ರೀಕ್ ಪುರಾಣದ ವಂಶವೃಕ್ಷವನ್ನು ಪಾಠಾಂತರಗಳ ಸಮೇತ ಬರೆಯುವುದು ಹೇಗೆ?

ಗ್ರೀಕ್ ಪುರಾಣದ ರುಚಿ ಹತ್ತಿದವರು ಒಂದಲ್ಲ ಒಂದು ದಿನ ದೊಡ್ಡ ಹಾಳೆ ಹರಡಿಕೊಂಡು ವಂಶವೃಕ್ಷ ಬರೆಯಲು ಕೂರುತ್ತಾರೆ. ನಾನೂ ಕೂತಿದ್ದೆ. ಯುರೇನಸ್, ಅವನ ಮಗ ಕ್ರೋನಸ್, ದೇವರಾಜ ಜ್ಯೂಸ್ ಸೇರಿದಂತೆ ಕ್ರೋನಸ್ ಮತ್ತು ರಿಯಾಳ ಆರು ಮಕ್ಕಳು: ಅಲ್ಲಿಯವರೆಗೆ ಗೆರೆಗಳು ಸಲೀಸಾಗಿ ಬೀಳುತ್ತವೆ. ಪ್ರೇಮದೇವತೆ ಅಫ್ರೊಡೈಟಿಯ ಹೆಸರು ಬಂದ ಕೂಡಲೇ ಪೆನ್ಸಿಲ್ ನಿಲ್ಲುತ್ತದೆ. ಹಳೆಯ ಗ್ರೀಕ್ ಕವಿ ಹೆಸಿಯಡ್ ಹೇಳುವಂತೆ ಆಕೆ ಅಯೋನಿಜೆ. ಕ್ರೋನಸ್ ತನ್ನ ತಂದೆಯ ಜನನಾಂಗವನ್ನು ಕತ್ತರಿಸಿ ಕಡಲಿಗೆ ಎಸೆದಾಗ ಎದ್ದ ನೊರೆಯಲ್ಲಿ ಹುಟ್ಟಿ, ಸೈಥೆರಾ ದ್ವೀಪದ ಬಳಿ ಹಾದು, ಸೈಪ್ರಸ್‌ನಲ್ಲಿ ದಡ ಹತ್ತಿದವಳು. ಹೋಮರನ ಇಲಿಯಡ್‌ನಲ್ಲಿ ಅದೇ ಅಫ್ರೊಡೈಟಿ ಜ್ಯೂಸ್ ಮತ್ತು ಡಯೋನಿಯ ಮಗಳು. ಟ್ರಾಯ್ ಯುದ್ಧದಲ್ಲಿ ಗ್ರೀಕ್ ವೀರ ಡಯೊಮಿಡಿಸ್ ಆಕೆಯ ಕೈಗೆ ಗಾಯ ಮಾಡಿದಾಗ ಓಡಿಹೋಗಿ ಅಮ್ಮನ ಮಡಿಲಲ್ಲಿ ಬೀಳುತ್ತಾಳೆ. ಮೊದಲ ಕಥೆಯಂತೆ ಲೆಕ್ಕ ಹಾಕಿದರೆ ಆಕೆ ಜ್ಯೂಸ್‌ಗೆ ಸೋದರತ್ತೆ, ಎರಡನೆಯದರಂತೆ ಮಗಳು.

ಇಲ್ಲಿ ಹೆಚ್ಚಿನವರು ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತಾರೆ. ಅಂತರ್ಜಾಲದಲ್ಲಿ ಓಡಾಡುವ ಬಣ್ಣಬಣ್ಣದ ವಂಶವೃಕ್ಷಗಳೂ ಅದನ್ನೇ ಮಾಡಿವೆ. ದಯವಿಟ್ಟು ಹಾಗೆ ಮಾಡಬೇಡಿ. ಗ್ರೀಕರಿಗೆ ವೇದದಂಥ ಒಂದು ಪ್ರಮಾಣಗ್ರಂಥ ಇರಲಿಲ್ಲ. ಊರಿಗೊಂದು ಸ್ಥಳಪುರಾಣ, ಕವಿಗೊಂದು ಪಾಠ ಇತ್ತು. ವಂಶಾವಳಿಗಳು ಎಲ್ಲಿ ಹೊಂದುವುದಿಲ್ಲವೋ ಅಲ್ಲೇ ಯಾವುದೋ ಊರಿನ ಹೆಮ್ಮೆ, ಯಾವುದೋ ದೇಗುಲದ ಹಕ್ಕು, ಯಾವುದೋ ನಾಟಕಕಾರನ ಅಗತ್ಯ ಕಾಣುತ್ತದೆ. ಭಿನ್ನತೆಯನ್ನು ಅಳಿಸಿದರೆ ಅವೆಲ್ಲ ಅದರ ಜೊತೆಗೇ ಅಳಿಸಿಹೋಗುತ್ತವೆ. ಹಾಗಾಗಿ ನಾವಿಲ್ಲಿ ಬರೆಯುವ ವಂಶವೃಕ್ಷದಲ್ಲಿ ಪ್ರತಿ ಗೆರೆಯ ಮೇಲೂ ಅದನ್ನು ಎಳೆದವರ ಹೆಸರಿರುತ್ತದೆ.

ಬೇಕಾದ ಸಾಮಾನು ಕಡಿಮೆ: ಒಂದು ದೊಡ್ಡ ಹಾಳೆ, ಅಂಗೈಯಗಲದ ನೂರು ಚೀಟಿ, ಪೆನ್ಸಿಲ್, ರಬ್ಬರ್, ಎರಡು ಮೂರು ಬಣ್ಣದ ಪೆನ್ನು. ಕಂಪ್ಯೂಟರ್‌ನಲ್ಲಿ ಮಾಡುವವರು ಚೀಟಿಯ ಬದಲು ಸ್ಪ್ರೆಡ್‌ಶೀಟ್ ಇಟ್ಟುಕೊಳ್ಳಬಹುದು. ವಂಶವೃಕ್ಷದ ಸಿದ್ಧ ತಂತ್ರಾಂಶಗಳು ಈ ಕೆಲಸಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಅವು ಒಬ್ಬರಿಗೆ ಒಬ್ಬ ತಂದೆ, ಒಬ್ಬ ತಾಯಿ ಎಂಬ ಲೆಕ್ಕದಲ್ಲಿ ತಯಾರಾದವು, ನಮ್ಮ ಕೆಲಸ ಶುರುವಾಗುವುದೇ ಆ ಲೆಕ್ಕ ತಪ್ಪುವಲ್ಲಿ.

ಹಂತ 1: ಒಂದು ಮನೆತನ ಹಿಡಿಯಿರಿ

ಇಡೀ ಪುರಾಣವನ್ನು ಒಂದೇ ಹಾಳೆಗೆ ಇಳಿಸಲು ಹೋದರೆ ಒಂದು ವಾರದಲ್ಲಿ ಕೈಚೆಲ್ಲುತ್ತೀರಿ. ವೀರರ ಕಥೆಗಳು ಕೆಲವೇ ಮನೆತನಗಳ ಸುತ್ತ ಸುತ್ತುತ್ತವೆ: ಅಯೋಳಿಂದ ಹೆರಾಕ್ಲೀಸ್‌ವರೆಗಿನ ಆರ್ಗೋಸ್ ಮನೆತನ, ಕ್ಯಾಡ್ಮಸ್‌ನಿಂದ ಈಡಿಪಸ್‌ವರೆಗಿನ ಥೀಬ್ಸ್ ಮನೆತನ, ಟ್ಯಾಂಟಲಸ್, ಪೆಲೊಪ್ಸ್, ಏಟ್ರಿಯಸ್, ಅಗಮೆಮ್ನಾನ್ ಎಂದು ಸಾಗುವ ಮೈಸಿನಿಯ ಮನೆತನ, ಡಾರ್ಡನಸ್‌ನಿಂದ ಪ್ರಿಯಮ್‌ವರೆಗಿನ ಟ್ರಾಯ್ ಮನೆತನ, ಜೊತೆಗೆ ಈಯೊಲಸ್‌ನ ವಂಶ, ಅಥೆನ್ಸ್‌ನ ರಾಜವಂಶ, ಸ್ಪಾರ್ಟಾದ ಟಿಂಡೇರಿಯಸ್‌ನ ಕುಟುಂಬ. ಮೊದಲ ಸಲಕ್ಕೆ ಆರ್ಗೋಸ್ ಒಳ್ಳೆಯದು. ಅದು ಉದ್ದನೆಯ ನೇರ ಎಳೆ, ಕವಲು ಕಡಿಮೆ. ದೇವತೆಗಳ ಮನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೇಲಿನಿಂದ ಕೆಳಗೆ ಹೋಗುವುದೇ ಸಹಜ ಅನ್ನಿಸುತ್ತದೆ, ಆದರೆ ಎಲ್ಲಕ್ಕಿಂತ ಹೆಚ್ಚು ಗೋಜಲು ಇರುವುದು ಮೇಲ್ಗಡೆಯೇ.

ಹಂತ 2: ಸಾಕ್ಷಿಗಳನ್ನು ಕಾಲಕ್ರಮದಲ್ಲಿ ಕೂರಿಸಿ

ಯಾವ ಮಾತನ್ನು ಯಾರು ಯಾವಾಗ ಹೇಳಿದರು ಎಂಬುದು ತಲೆಯಲ್ಲಿ ಸ್ಪಷ್ಟವಾಗಿರಬೇಕು. ಹಾಳೆಯ ಅಂಚಿನಲ್ಲಿ ಒಂದು ಏಣಿ ಬರೆದುಕೊಳ್ಳಿ. ಕೆಳಗಿನ ಮೆಟ್ಟಿಲಲ್ಲಿ ಹೋಮರ್ ಮತ್ತು ಹೆಸಿಯಡ್, ಸುಮಾರು ಕ್ರಿ.ಪೂ. 8ನೇ ಶತಮಾನದಿಂದ 7ನೇ ಶತಮಾನದ ಆರಂಭದವರೆಗೆ. ಅದರ ಮೇಲೆ ಹೋಮರನ ಹೆಸರಿನಲ್ಲಿ ಬಂದಿರುವ ಸ್ತೋತ್ರಗಳು, ಹೆಸಿಯಡ್‌ನ ಹೆಸರಿನಲ್ಲಿದ್ದು ಈಗ ಚೂರುಚೂರಾಗಿ ಉಳಿದಿರುವ ‘ಸ್ತ್ರೀಯರ ಪಟ್ಟಿ’. ಕ್ರಿ.ಪೂ. 5ನೇ ಶತಮಾನದ ಮೆಟ್ಟಿಲಲ್ಲಿ ಕವಿಗಳಾದ ಪಿಂಡಾರ್, ಬ್ಯಾಕಿಲಿಡಿಸ್, ಅಥೆನ್ಸ್‌ನ ಮೂವರು ದುರಂತ ನಾಟಕಕಾರರು (ಈಸ್ಕಿಲಸ್, ಸೊಫೊಕ್ಲಿಸ್, ಯೂರಿಪಿಡಿಸ್), ಇತಿಹಾಸಕಾರ ಹೆರೊಡೋಟಸ್. ಕ್ರಿ.ಪೂ. 1ನೇ ಶತಮಾನದಲ್ಲಿ ಇತಿಹಾಸಕಾರ ಡಿಯೊಡೋರಸ್, ಕ್ರಿ.ಶ. 8ರ ಆಸುಪಾಸಿನಲ್ಲಿ ಲ್ಯಾಟಿನ್ ಕವಿ ಓವಿಡ್. ಆಮೇಲೆ ಅಪೊಲೊಡೋರಸ್ ಹೆಸರಿನಲ್ಲಿರುವ ‘ಗ್ರಂಥಾಲಯ’ ಎಂಬ ಪುರಾಣಸಂಗ್ರಹ, ಕ್ರಿ.ಶ. 2ನೇ ಶತಮಾನದಲ್ಲಿ ಊರೂರು ಸುತ್ತಿ ಬರೆದ ಪೌಸೇನಿಯಸ್.

ನಮ್ಮ ಕೆಲಸಕ್ಕೆ ಅತ್ಯಂತ ಉಪಕಾರಿಗಳು ಈ ಕೊನೆಯ ಇಬ್ಬರು. ಅಪೊಲೊಡೋರಸ್ ಒಬ್ಬರ ತಂದೆಯ ಹೆಸರು ಹೇಳಿ, ಇಂಥವರ ಪ್ರಕಾರ ಬೇರೆ ಎಂದು ಅವರ ಹೆಸರು ಸಮೇತ ಸೇರಿಸುತ್ತಾನೆ. ಅಯೋಳ ತಂದೆ ಯಾರು ಎಂಬಲ್ಲಿ, ಅನೇಕ ನಾಟಕಕಾರರು ಇನಾಕಸ್ ಎನ್ನುತ್ತಾರೆ, ಹೆಸಿಯಡ್ ಮತ್ತು ಹಳೆಯ ವಂಶಾವಳಿಕಾರ ಅಕ್ಯುಸಿಲಾಸ್ ಪೈರೆನ್ ಎನ್ನುತ್ತಾರೆ ಎಂದು ಬಿಡಿಸಿಡುತ್ತಾನೆ. ಅವನನ್ನು ತೀರ್ಪುಗಾರನೆಂದು ತಿಳಿಯದೆ ಸೂಚಿಯಂತೆ ಬಳಸಿ: ಅಲ್ಲಿ ಹೆಸರು ಹಿಡಿದು ಹಳೆಯ ಪಠ್ಯಕ್ಕೆ ಹೋಗಿ. ಇವರೆಲ್ಲರ ಹಳೆಯ ಇಂಗ್ಲಿಷ್ ಅನುವಾದಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಹಂತ 3: ಒಂದು ಹೇಳಿಕೆಗೆ ಒಂದು ಚೀಟಿ

ಈ ವಿಧಾನದ ಜೀವಾಳ ಇದು. ಒಬ್ಬ ವ್ಯಕ್ತಿಗೆ ಒಂದು ಚೀಟಿ ಮಾಡಿದರೆ, ಆ ಚೀಟಿಯಲ್ಲಿ ತಂದೆಯ ಹೆಸರು ಬರೆಯುವಾಗಲೇ ತೀರ್ಪು ಕೊಟ್ಟಂತಾಯಿತು. ಬದಲಿಗೆ ಒಂದು ಹೇಳಿಕೆಗೆ ಒಂದು ಚೀಟಿ ಮಾಡಿ. ನನ್ನ ಚೀಟಿ ಹೀಗಿರುತ್ತದೆ:

ಯಾರು: ಹೆಫೆಸ್ಟಸ್ (ದೇವತೆಗಳ ಕಮ್ಮಾರ)
ತಾಯಿ: ಹೇರಾ (ಜ್ಯೂಸ್‌ನ ಹೆಂಡತಿ). ತಂದೆ: ಇಲ್ಲ
ಹೇಳಿದವರು: ಹೆಸಿಯಡ್, ‘ಥಿಯಾಗನಿ’ (ದೇವತೆಗಳ ಹುಟ್ಟಿನ ಕಾವ್ಯ)
ಸಂದರ್ಭ: ಅಥೀನಾ ಜ್ಯೂಸ್‌ನ ತಲೆಯಿಂದ ಹುಟ್ಟಿದ್ದಕ್ಕೆ ಹೇರಾಳ ಸಿಟ್ಟು

ಇನ್ನೊಂದು ಚೀಟಿಯಲ್ಲಿ ಹೆಫೆಸ್ಟಸ್‌ನ ತಂದೆ ಜ್ಯೂಸ್, ಹೇಳಿದವನು ಹೋಮರ್. ಎರಡೂ ಚೀಟಿ ಡಬ್ಬದಲ್ಲಿ ಅಕ್ಕಪಕ್ಕ ಇರುತ್ತವೆ, ಜಗಳವಿಲ್ಲ.

ಒಂದು ಎಚ್ಚರಿಕೆ. ಪಠ್ಯ ನೇರವಾಗಿ ಹೇಳಿದ್ದನ್ನೂ ನಾವು ಕೂಡಿಸಿ ಊಹಿಸಿದ್ದನ್ನೂ ಬೇರೆ ಇಡಬೇಕು. ಟ್ರಾಯ್ ಯುದ್ಧಕ್ಕೆ ಕಾರಣಳಾದ ಹೆಲೆನ್‌ಳ ತಾಯಿ ಹೋಮರನ ಪ್ರಕಾರ ಯಾರು ಎಂದು ಕೇಳಿದರೆ ಲೀಡಾ ಎಂಬ ಉತ್ತರ ಥಟ್ಟನೆ ಬರುತ್ತದೆ. ಇಲಿಯಡ್ ಹೇಳುವುದು ಎರಡೇ ಮಾತು: ಹೆಲೆನ್ ಜ್ಯೂಸ್‌ನ ಮಗಳು, ಕ್ಯಾಸ್ಟರ್ ಮತ್ತು ಪಾಲಿಡ್ಯೂಸಿಸ್ ಆಕೆಯ ಒಡಹುಟ್ಟಿದವರು, ಮೂವರ ತಾಯಿ ಒಬ್ಬಳೇ. ಒಡಿಸ್ಸಿಯಲ್ಲಿ ಒಡಿಸ್ಯೂಸ್ ಪಾತಾಳದಲ್ಲಿ ಲೀಡಾಳನ್ನು ಕಾಣುತ್ತಾನೆ. ಅಲ್ಲಿ ಆಕೆ ಟಿಂಡೇರಿಯಸ್‌ನ ಹೆಂಡತಿ, ಕ್ಯಾಸ್ಟರ್ ಮತ್ತು ಪಾಲಿಡ್ಯೂಸಿಸ್‌ನ ತಾಯಿ. ಎರಡನ್ನೂ ಜೋಡಿಸಿದಾಗ ಹೆಲೆನ್ ಲೀಡಾಳ ಮಗಳಾಗುತ್ತಾಳೆ. ಊಹೆ ಗಟ್ಟಿಯಾಗಿಯೇ ಇದೆ, ಆದರೆ ಅದನ್ನು ಮಾಡಿದವರು ನಾವು. ಇಂಥ ಗೆರೆಗಳನ್ನು ಚುಕ್ಕೆ ಚುಕ್ಕೆಯಾಗಿ ಎಳೆಯಿರಿ.

ಹಂತ 4: ಹೆಸರುಗಳ ಗೊಂದಲ ಬಿಡಿಸಿ

ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿ ನಮಗೆ ಹೊಸದಲ್ಲ, ಗ್ರೀಕರಲ್ಲೂ ಇತ್ತು. ಟ್ರಾಯ್ ಪರವಾಗಿ ಹೋರಾಡುವ ಲಿಸಿಯಾದ ಗ್ಲಾಕಸ್‌ನ ಮುತ್ತಜ್ಜನೂ ಗ್ಲಾಕಸ್, ಸಿಸಿಫಸ್‌ನ ಮಗ. ಮಿನೋಸ್‌ಗೂ ಗ್ಲಾಕಸ್ ಎಂಬ ಮಗನಿದ್ದಾನೆ, ಸಮುದ್ರದ ದೇವನೊಬ್ಬನೂ ಗ್ಲಾಕಸ್. ಪ್ರಳಯದಿಂದ ಪಾರಾದ ಡ್ಯುಕೇಲಿಯನ್ ಪ್ರಮೀಥಿಯಸ್‌ನ ಮಗ, ಕ್ರೀಟ್‌ನ ಡ್ಯುಕೇಲಿಯನ್ ಮಿನೋಸ್‌ನ ಮಗ. ಎಲೆಕ್ಟ್ರಾ ಎಂದರೆ ಅಗಮೆಮ್ನಾನ್‌ನ ಮಗಳೂ ಹೌದು, ಡಾರ್ಡನಸ್‌ನ ತಾಯಿಯೂ ಹೌದು. ಟ್ರಾಯ್‌ನಲ್ಲಿ ಇಬ್ಬರು ಅಜಾಕ್ಸ್‌ಗಳು: ಟೆಲಮಾನ್‌ನ ಮಗ, ಒಯಿಲಿಯಸ್‌ನ ಮಗ. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ಓದಿದವರಿಗೆ ಪರಿಚಿತನಾದವನು ಇವರಲ್ಲಿ ಮೊದಲನೆಯವನು. ಸೊಫೊಕ್ಲಿಸ್‌ನ ಆ ಅಜಾಕ್ಸ್ ನಾಟಕವೇ ಶ್ರೀಯವರ ಕೈಯಲ್ಲಿ ಮಹಾಭಾರತದ ಪಾತ್ರ ತೊಟ್ಟು ಕನ್ನಡಕ್ಕೆ ಬಂದದ್ದು.

ಇದರ ತಿರುವುಮುರುವೂ ಇದೆ, ಒಬ್ಬರಿಗೇ ಎರಡು ಹೆಸರು. ಪ್ಯಾರಿಸ್ ಎಂದರೆ ಅಲೆಕ್ಸಾಂಡರ್, ಅಕಿಲಿಸ್‌ನ ಮಗ ನಿಯೊಪ್ಟಾಲೆಮಸ್ ಎಂದರೆ ಪಿರಸ್. ಈಡಿಪಸ್‌ನ ತಾಯಿ ಸೊಫೊಕ್ಲಿಸ್‌ಗೆ ಜೊಕಾಸ್ಟಾ, ಹೋಮರ್‌ಗೆ ಎಪಿಕಾಸ್ಟಿ. ಚೀಟಿಯ ಮೇಲೆ ಹೆಸರಿನ ಜೊತೆ ಯಾವಾಗಲೂ ಊರು ಅಥವಾ ತಂದೆಯ ಹೆಸರು ಬರೆಯಿರಿ: ‘ಗ್ಲಾಕಸ್, ಲಿಸಿಯಾ’, ‘ಗ್ಲಾಕಸ್, ಮಿನೋಸ್‌ನ ಮಗ’. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು. ಹೆರಾಕ್ಲೀಸ್ ಗ್ರೀಕ್ ರೂಪ, ಹರ್ಕ್ಯುಲಿಸ್ ಲ್ಯಾಟಿನ್ ರೂಪ. ಒಡಿಸ್ಯೂಸ್, ಯುಲಿಸಿಸ್ ಕೂಡ ಹಾಗೇ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಬಿಡಬೇಡಿ, ಇಲ್ಲದಿದ್ದರೆ ಚೀಟಿ ಜೋಡಿಸುವಾಗ ಒಬ್ಬನೇ ಇಬ್ಬರಾಗುತ್ತಾನೆ.

ಹಂತ 5: ಬೆನ್ನೆಲುಬು ಬರೆಯಿರಿ

ಆರ್ಗೋಸ್‌ನ ಎಳೆಯನ್ನು ಅಪೊಲೊಡೋರಸ್ ಕೊಡುವಂತೆ ಹಾಳೆಯ ನಡುವೆ ನೇರವಾಗಿ ಇಳಿಸಿ: ಅಯೋ, ಎಪಾಫಸ್, ಲಿಬಿಯಾ, ಬೀಲಸ್, ಡಾನಸ್, ಹೈಪರ್‌ಮ್ನೆಸ್ಟ್ರಾ, ಅಬಾಸ್, ಅಕ್ರಿಸಿಯಸ್, ಡಾನಯಿ, ಪರ್ಸಿಯಸ್, ಎಲೆಕ್ಟ್ರಿಯಾನ್, ಆಲ್ಕ್‌ಮಿನಿ, ಹೆರಾಕ್ಲೀಸ್. ಎಣಿಸಿದರೆ 13. ಈಸ್ಕಿಲಸ್‌ನ ಹೆಸರಿನಲ್ಲಿರುವ ‘ಬಂಧಿತ ಪ್ರಮೀಥಿಯಸ್’ ನಾಟಕದಲ್ಲಿ, ಬಂಡೆಗೆ ಕಟ್ಟಿಸಿಕೊಂಡ ಪ್ರಮೀಥಿಯಸ್ ಅಯೋಳಿಗೆ ಭವಿಷ್ಯ ಹೇಳುವಾಗ, ತನ್ನನ್ನು ಬಿಡಿಸುವವನು ಅವಳ ವಂಶದ 13ನೇ ತಲೆಮಾರಿನವನು ಎನ್ನುತ್ತಾನೆ. ನೂರಾರು ವರ್ಷಗಳ ಅಂತರದ ಎರಡು ಪಠ್ಯಗಳ ಲೆಕ್ಕ ಹೀಗೆ ಕೂಡಿಬಂದದ್ದನ್ನು ಮೊದಲ ಸಲ ನೋಡಿದಾಗ ನನಗಾದ ಸಂತೋಷ ಇಷ್ಟಿಷ್ಟಲ್ಲ. ಇಷ್ಟು ಗಟ್ಟಿಯಾದ ಎಳೆ ಬೇರೆ ಮನೆತನಗಳಲ್ಲಿ ಅಪರೂಪ. ಅದಕ್ಕೇ ಇದನ್ನು ಅಳತೆಗೋಲು ಮಾಡಿಕೊಳ್ಳೋಣ.

ಹಂತ 6: ಟ್ರಾಯ್‌ಗೆ ಗೂಟ ಹೊಡೆದು ತಲೆಮಾರು ಎಣಿಸಿ

ವೀರರ ಕಥೆಗಳಿಗೆಲ್ಲ ಹೊಂದುವ ಒಂದೇ ಒಂದು ಗುರುತು ಟ್ರಾಯ್ ಯುದ್ಧ. ಹಳೆಯ ಗ್ರೀಕ್ ವಿದ್ವಾಂಸ ಎರಾಟೊಸ್ಥನೀಸ್ ಅದರ ಅಂತ್ಯವನ್ನು ನಮ್ಮ ಲೆಕ್ಕದ ಕ್ರಿ.ಪೂ. 1184/3ಕ್ಕೆ ಇಟ್ಟ, ಪಾರೋಸ್ ದ್ವೀಪದ ಅಮೃತಶಿಲೆಯ ಶಾಸನ 1209/8ಕ್ಕೆ ಇಟ್ಟಿತು. ವರ್ಷ ನಮಗೆ ಬೇಡ, ತಲೆಮಾರು ಸಾಕು. ಟ್ರಾಯ್‌ನಲ್ಲಿ ಹೋರಾಡಿದವರ ಸಾಲನ್ನು ಸೊನ್ನೆ ಅನ್ನಿ. ಹೆರಾಕ್ಲೀಸ್‌ನ ಮಗ ಟ್ಲೆಪೊಲೆಮಸ್ ಟ್ರಾಯ್‌ನಲ್ಲಿದ್ದಾನೆ, ಹಾಗಾಗಿ ಹೆರಾಕ್ಲೀಸ್ 1. ಥೀಸಿಯಸ್‌ನ ಮಕ್ಕಳು ಅಲ್ಲಿಗೆ ಹೋದರು ಎಂಬ ಕಥೆ ಇದೆ, ಥೀಸಿಯಸ್ 1. ಅಕಿಲಿಸ್‌ನ ತಂದೆ ಪೀಲಿಯಸ್, ಅಜಾಕ್ಸ್‌ನ ತಂದೆ ಟೆಲಮಾನ್ ಇಬ್ಬರೂ ಚಿನ್ನದ ಉಣ್ಣೆ ತರಲು ಹೊರಟ ಅರ್ಗೊ ಹಡಗಿನ ಪಯಣಿಗರು, ಆ ಯಾತ್ರೆಯ ಸಾಲೂ 1. ಕ್ರೀಟ್‌ನ ಇಡೊಮೆನಿಯಸ್ ತಾನು ಮಿನೋಸ್‌ನ ಮೊಮ್ಮಗ ಎಂದು ಇಲಿಯಡ್‌ನಲ್ಲಿ ಹೇಳಿಕೊಳ್ಳುತ್ತಾನೆ, ಮಿನೋಸ್ 2. ಮಿನೋಸ್‌ನ ಮಗಳು ಅರಿಯಾಡ್ನಿ ಥೀಸಿಯಸ್‌ನ ಜೊತೆ ಓಡಿಹೋಗುವ ಕಥೆಗೆ ಇದು ಸರಿಯಾಗಿ ಹೊಂದುತ್ತದೆ. ಏಳು ವೀರರು ಥೀಬ್ಸ್‌ಗೆ ಮುತ್ತಿಗೆ ಹಾಕಿದ್ದು 1ನೇ ಸಾಲಿನಲ್ಲಿ, ಯಾಕೆಂದರೆ ಅವರಲ್ಲೊಬ್ಬನಾದ ಟಿಡಿಯಸ್‌ನ ಮಗ ಡಯೊಮಿಡಿಸ್ ಟ್ರಾಯ್‌ನಲ್ಲಿದ್ದಾನೆ. ಆ ಮುತ್ತಿಗೆಗೆ ಕಾರಣನಾದ ಪಾಲಿನೈಸಿಸ್‌ನ ತಂದೆ ಈಡಿಪಸ್ ಹಾಗಾಗಿ 2.

ಇಲ್ಲಿಯವರೆಗೆ ಎಲ್ಲ ಚೆಂದ. ಈಗ ಒಂದು ಪ್ರಯೋಗ ಮಾಡಿ. ಅಪೊಲೊಡೋರಸ್‌ನ ಪ್ರಕಾರ ಬೀಲಸ್ ಮತ್ತು ಅಗೆನಾರ್ ಅವಳಿ ಮಕ್ಕಳು, ಲಿಬಿಯಾಳ ಹೊಟ್ಟೆಯಲ್ಲಿ ಪೊಸೈಡನ್‌ಗೆ ಹುಟ್ಟಿದವರು. ಅವಳಿಗಳೆಂದ ಮೇಲೆ ಇಬ್ಬರೂ ಒಂದೇ ಸಾಲಿನಲ್ಲಿ ಇರಬೇಕು. ಬೀಲಸ್‌ನಿಂದ ಆರ್ಗೋಸ್ ಎಳೆ ಹಿಡಿದು ಎಣಿಸಿದರೆ ಅವನು ಟ್ರಾಯ್‌ಗಿಂತ 10 ತಲೆಮಾರು ಮೇಲೆ. ಅಗೆನಾರ್‌ನ ಮಗ ಕ್ಯಾಡ್ಮಸ್, ಅಲ್ಲಿಂದ ಪಾಲಿಡೋರಸ್, ಲಾಬ್ಡಕಸ್, ಲೇಯಸ್, ಈಡಿಪಸ್, ಪಾಲಿನೈಸಿಸ್: ಈ ಎಳೆಯಲ್ಲಿ ಅಗೆನಾರ್ 7 ತಲೆಮಾರು ಮೇಲೆ. ಅಗೆನಾರ್‌ನ ಮಗಳು ಯುರೋಪಾ, ಆಕೆಯ ಮಗ ಮಿನೋಸ್, ಅವನ ಮಗ ಡ್ಯುಕೇಲಿಯನ್, ಅವನ ಮಗ ಇಡೊಮೆನಿಯಸ್: ಈ ಎಳೆಯಲ್ಲಿ ಅದೇ ಅಗೆನಾರ್ 4 ತಲೆಮಾರು ಮೇಲೆ. ಒಂದೇ ಹೊಟ್ಟೆಯಲ್ಲಿ ಒಟ್ಟಿಗೆ ಹುಟ್ಟಿದವರ ಸಂತತಿ 10, 7, 4 ಎಂದು ಮೂರು ಕಡೆ ನಿಂತುಬಿಟ್ಟಿತು.

ಇದು ನಿಮ್ಮ ತಪ್ಪಲ್ಲ, ರಬ್ಬರ್ ಎತ್ತಬೇಡಿ. ಆರ್ಗೋಸ್, ಥೀಬ್ಸ್, ಕ್ರೀಟ್ ಮೂರೂ ಪ್ರತ್ಯೇಕವಾಗಿ ಬೆಳೆದ ಪರಂಪರೆಗಳು. ಆಮೇಲೆ ಯಾರೋ ಅವನ್ನು ಮೇಲ್ಗಡೆ ಒಂದು ಗಂಟಿನಲ್ಲಿ ಕಟ್ಟಿದ್ದಾರೆ. ಕಟ್ಟಿದ ಜಾಗ ಲೆಕ್ಕದಿಂದಲೇ ಸಿಕ್ಕಿಬೀಳುತ್ತದೆ. ಅಲ್ಲೊಂದು ಕೆಂಪು ಗುರುತು ಹಾಕಿ.

ಹಳಬರಿಗೂ ಇದು ಗೊತ್ತಿತ್ತು. ಅವರು ಹೊಲಿಗೆ ಹಾಕಿದ ಬಗೆ ನೋಡಲು ಸಾರ್ಪಿಡಾನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಲಿಯಡ್‌ನಲ್ಲಿ ಅವನು ಜ್ಯೂಸ್ ಮತ್ತು ಲಾವೊಡಮಿಯಾಳ ಮಗ, ಬೆಲೆರೊಫಾನ್‌ನ ಮೊಮ್ಮಗ. ‘ಸ್ತ್ರೀಯರ ಪಟ್ಟಿ’ಯಲ್ಲಿ ಅವನು ಯುರೋಪಾಳ ಮಗ, ಮಿನೋಸ್‌ನ ತಮ್ಮ. ಮಿನೋಸ್‌ನ ತಮ್ಮನಾದರೆ ಅವನು 2ನೇ ಸಾಲಿನವನು. ಮಿನೋಸ್‌ನ ಮೊಮ್ಮಗ ಹೋರಾಡುವ ಯುದ್ಧದಲ್ಲಿ ಅವನೇಕೆ ಕೋಲು ಹಿಡಿದ ಅಜ್ಜನಂತಿಲ್ಲ? ಅಪೊಲೊಡೋರಸ್‌ನ ಉತ್ತರ: ಜ್ಯೂಸ್ ಅವನಿಗೆ ಮೂರು ತಲೆಮಾರು ಬದುಕುವ ವರ ಕೊಟ್ಟ. ಡಿಯೊಡೋರಸ್‌ನ ಉತ್ತರ: ಸಾರ್ಪಿಡಾನ್‌ಗಳು ಇಬ್ಬರು, ಮೊದಲನೆಯವನ ಮಗ ಇವಾಂಡರ್ ಬೆಲೆರೊಫಾನ್‌ನ ಮಗಳನ್ನು ಮದುವೆಯಾದ, ಅವರ ಮಗನೇ ಟ್ರಾಯ್‌ನ ಸಾರ್ಪಿಡಾನ್. ಇದೇ ಡಿಯೊಡೋರಸ್ ಮಿನೋಸ್‌ನನ್ನೂ ಇಬ್ಬರನ್ನಾಗಿ ಮಾಡುತ್ತಾನೆ: ಮೊದಲ ಮಿನೋಸ್, ಅವನ ಮಗ ಲಿಕಾಸ್ಟಸ್, ಲಿಕಾಸ್ಟಸ್‌ನ ಮಗ ಎರಡನೇ ಮಿನೋಸ್. ಹೀಗೆ ಎರಡು ತಲೆಮಾರು ಸೇರಿಸಿದರೆ ಕ್ರೀಟ್ ಎಳೆಯಲ್ಲಿ ಅಗೆನಾರ್ 4ರಿಂದ 6ಕ್ಕೆ ಏರುತ್ತಾನೆ. ಇಲಿಯಡ್ ಯುರೋಪಾಳನ್ನು ಫೀನಿಕ್ಸ್‌ನ ಮಗಳು ಎನ್ನುತ್ತದೆ. ಫೀನಿಕ್ಸ್ ಅಗೆನಾರ್‌ನ ಮಗ ಎಂದಿಟ್ಟುಕೊಂಡರೆ ಇನ್ನೊಂದು ಮೆಟ್ಟಿಲು ಸೇರಿ 7 ಆಗುತ್ತದೆ, ಥೀಬ್ಸ್‌ಗೆ ಸರಿಸಮ. ಆದರೆ ಈ ಕೊನೆಯ ಜೋಡಣೆ ಬೇರೆ ಬೇರೆ ಕಡೆಯಿಂದ ಆಯ್ದು ನಾವು ಕಟ್ಟಿದ್ದು, ಅದಕ್ಕೆ ಚುಕ್ಕೆ ಗೆರೆಯೇ ಸರಿ.

ವರ ಕೊಡುವುದು, ಇಬ್ಬರನ್ನಾಗಿ ಒಡೆಯುವುದು, ನಡುವೆ ಒಂದು ತಲೆಮಾರು ತುರುಕುವುದು. ಈ ಮೂರು ಹೊಲಿಗೆಗಳನ್ನು ಗುರುತಿಸಲು ಕಲಿತರೆ ಗ್ರೀಕ್ ವಂಶಾವಳಿಯ ಅರ್ಧ ಗುಟ್ಟು ತಿಳಿದಂತೆ. ಎರಡನೆಯ ಹೊಲಿಗೆ ಎಲ್ಲಿಯವರೆಗೆ ಹೋಯಿತೆಂದರೆ, ರೋಮ್‌ನ ಲೇಖಕ ಸಿಸೆರೊ ದೇವತೆಗಳ ಬಗ್ಗೆ ಬರೆದ ಗ್ರಂಥದಲ್ಲಿ ಮೂವರು ಜುಪಿಟರ್ (ಜ್ಯೂಸ್), ನಾಲ್ವರು ವೀನಸ್ (ಅಫ್ರೊಡೈಟಿ), ಐವರು ಮಿನರ್ವಾ (ಅಥೀನಾ) ಎಣಿಸಲ್ಪಡುತ್ತಾರೆ.

ಹಂತ 7: ಇಬ್ಬರು ತಂದೆಯರನ್ನು ಇಬ್ಬರಾಗಿಯೇ ಬರೆಯಿರಿ

ಥೀಸಿಯಸ್‌ನ ತಂದೆ ಅಥೆನ್ಸ್‌ನ ರಾಜ ಈಜಿಯಸ್ಸೋ, ಕಡಲೊಡೆಯ ಪೊಸೈಡನ್ನೋ? ಅಪೊಲೊಡೋರಸ್ ಹೇಳುವಂತೆ ಅವನ ತಾಯಿ ಈಥ್ರಾಳನ್ನು ಇಬ್ಬರೂ ಒಂದೇ ರಾತ್ರಿ ಕೂಡಿದರು. ಇದನ್ನು ಪಾಠಾಂತರ ಎಂದು ಬರೆದರೆ ತಪ್ಪಾಗುತ್ತದೆ, ಕಥೆಗೆ ಇಬ್ಬರೂ ಬೇಕು. ಈಜಿಯಸ್ ಇಲ್ಲದೆ ಥೀಸಿಯಸ್‌ಗೆ ಸಿಂಹಾಸನವಿಲ್ಲ. ಪೊಸೈಡನ್ ಇಲ್ಲದೆ ಬ್ಯಾಕಿಲಿಡಿಸ್‌ನ ಆ ಅದ್ಭುತ ಪ್ರಸಂಗವಿಲ್ಲ: ಕ್ರೀಟ್‌ಗೆ ಹೊರಟ ಹಡಗಿನಲ್ಲಿ ಮಿನೋಸ್ ತಾನು ಜ್ಯೂಸ್‌ನ ಮಗನೆಂದು ಸಿಡಿಲು ಬರಿಸಿ ತೋರಿಸಿ, ನೀನು ಪೊಸೈಡನ್‌ನ ಮಗನಾದರೆ ತಂದು ಕೊಡು ಎಂದು ಉಂಗುರವನ್ನು ಕಡಲಿಗೆ ಎಸೆಯುತ್ತಾನೆ. ಥೀಸಿಯಸ್ ಧುಮುಕಿ, ಪೊಸೈಡನ್‌ನ ಹೆಂಡತಿ ಆಂಫಿಟ್ರೈಟಿ ಕೊಟ್ಟ ವಸ್ತ್ರ ಮತ್ತು ಮಾಲೆ ಧರಿಸಿ ಮೇಲೆ ಬರುತ್ತಾನೆ. ಇಂಥ ಕಡೆ ಎರಡೂ ಗೆರೆ ಗಟ್ಟಿಯಾಗಿಯೇ ಇರಲಿ, ದೇವರ ಗೆರೆಗೆ ಬೇರೆ ಬಣ್ಣ ಕೊಡಿ. ಹೆರಾಕ್ಲೀಸ್‌ಗೂ ಇದೇ ಕ್ರಮ: ಜ್ಯೂಸ್ ಒಂದು ಬಣ್ಣ, ಆಲ್ಕ್‌ಮಿನಿಯ ಗಂಡ ಆಂಫಿಟ್ರಿಯಾನ್ ಇನ್ನೊಂದು.

ಕ್ಯಾಸ್ಟರ್ ಮತ್ತು ಪಾಲಿಡ್ಯೂಸಿಸ್ ಹಾಗಲ್ಲ, ಅಲ್ಲಿರುವುದು ನಿಜವಾದ ಪಾಠಾಂತರ. ಒಡಿಸ್ಸಿಯಲ್ಲಿ ಇಬ್ಬರೂ ಟಿಂಡೇರಿಯಸ್‌ನ ಮಕ್ಕಳು. ಸ್ತೋತ್ರಗಳಲ್ಲಿ ಇಬ್ಬರೂ ಜ್ಯೂಸ್‌ನ ಮಕ್ಕಳು. ಪಿಂಡಾರ್‌ನ ಹತ್ತನೆಯ ನೆಮಿಯನ್ ಗೀತೆಯಲ್ಲಿ ಪಾಲಿಡ್ಯೂಸಿಸ್ ಜ್ಯೂಸ್‌ಗೆ, ಕ್ಯಾಸ್ಟರ್ ಟಿಂಡೇರಿಯಸ್‌ಗೆ ಹುಟ್ಟಿದವರು. ಹೀಗೆ ಹಂಚಿದ್ದರಿಂದಲೇ ಆ ಗೀತೆಗೆ ಅದರ ನೋವು ಬಂದಿದೆ: ಸಾಯುತ್ತಿರುವ ಅಣ್ಣತಮ್ಮನಿಗಾಗಿ ಅಮರನಾದವನು ತನ್ನ ಅಮರತ್ವದಲ್ಲಿ ಅರ್ಧ ಬಿಟ್ಟುಕೊಡುತ್ತಾನೆ.

ಹಂತ 8: ಯಾಕೆ ಎಂದು ಕೇಳಿ

ಚೀಟಿಯ ಹಿಂಬದಿ ಇದಕ್ಕೆ ಮೀಸಲು. ಭಿನ್ನತೆಯಿಂದ ಯಾರಿಗೆ ಏನು ದಕ್ಕಿತು?

ಊರಿನ ಹಕ್ಕಿಗೆ ವೈದ್ಯದೇವ ಅಸ್ಕ್ಲೀಪಿಯಸ್‌ನನ್ನು ನೋಡಿ. ಇಲಿಯಡ್‌ನಲ್ಲಿ ಅವನ ಮಕ್ಕಳು ಥೆಸ್ಸಲಿಯ ಟ್ರಿಕ್ಕಾದಿಂದ ಬಂದವರು. ಪಿಂಡಾರ್ ಅವನ ತಾಯಿಯನ್ನು ಥೆಸ್ಸಲಿಯ ಫ್ಲೆಜಿಯಸ್‌ನ ಮಗಳು ಕೊರೋನಿಸ್ ಎನ್ನುತ್ತಾನೆ. ಎಪಿಡಾರಸ್‌ನಲ್ಲಿ ಅವನ ಮಹಾ ದೇಗುಲ ಬೆಳೆಯಿತು. ಅಲ್ಲಿಯವರ ಸ್ಥಳಪುರಾಣದಲ್ಲಿ ಫ್ಲೆಜಿಯಸ್ ಮಗಳ ಜೊತೆ ದಕ್ಷಿಣಕ್ಕೆ ಬಂದ, ಆಕೆ ಎಪಿಡಾರಸ್‌ನ ನೆಲದಲ್ಲೇ ಹೆತ್ತು ಮಗುವನ್ನು ಬೆಟ್ಟದಲ್ಲಿ ಬಿಟ್ಟಳು, ಆಡೊಂದು ಹಾಲೂಡಿತು. ಮೆಸ್ಸೀನಿಯಾದವರು ಬೇರೆಯೇ ತಾಯಿಯನ್ನು ತಂದರು: ತಮ್ಮ ಲ್ಯೂಸಿಪಸ್‌ನ ಮಗಳು ಆರ್ಸಿನೊಯಿ. ಕೊನೆಗೆ ಅಪೊಲೊಫನೀಸ್ ಎಂಬ ಆರ್ಕೇಡಿಯಾದವನು ಡೆಲ್ಫಿಗೆ ಹೋಗಿ ದೇವರನ್ನೇ ಕೇಳಿದ. ಕೊರೋನಿಸ್ ಎಪಿಡಾರಸ್‌ನಲ್ಲಿ ಹೆತ್ತಳು ಎಂದು ಉತ್ತರ ಬಂತು. ಇದನ್ನು ದಾಖಲಿಸಿದ ಪೌಸೇನಿಯಸ್, ಆರ್ಸಿನೊಯಿಯ ಕಥೆ ಮೆಸ್ಸೀನಿಯಾದವರನ್ನು ಮೆಚ್ಚಿಸಲು ಹೆಸಿಯಡ್ ಕಟ್ಟಿದ್ದು ಅಥವಾ ಅವನ ಕಾವ್ಯಕ್ಕೆ ಯಾರೋ ಸೇರಿಸಿದ ಪ್ರಕ್ಷಿಪ್ತ ಎಂದು ತನ್ನ ಅಭಿಪ್ರಾಯವನ್ನೂ ಬರೆದ. ಸುಮಾರು 1,800 ವರ್ಷಗಳ ಹಿಂದೆಯೇ ಒಬ್ಬ ಮನುಷ್ಯ ನಮ್ಮ ಚೀಟಿಯ ಹಿಂಬದಿಯನ್ನು ತುಂಬಿದ್ದಾನೆ.

ನಾಡಿನ ಸ್ಥಾನಮಾನಕ್ಕೆ ಅಯಾನ್‌ನನ್ನು ನೋಡಿ. ‘ಸ್ತ್ರೀಯರ ಪಟ್ಟಿ’ಯಲ್ಲಿ ಗ್ರೀಕರ ಮೂಲಪುರುಷ ಹೆಲೆನ್‌ಗೆ (ಇವನು ಗಂಡಸು, ಟ್ರಾಯ್‌ನ ಹೆಲೆನ್ ಅಲ್ಲ) ಡೋರಸ್, ಕ್ಸೂಥಸ್, ಈಯೊಲಸ್ ಎಂದು ಮೂವರು ಮಕ್ಕಳು. ಅಯಾನ್ ಮತ್ತು ಅಕೀಯಸ್ ಕ್ಸೂಥಸ್‌ನ ಮಕ್ಕಳು. ಡೋರಿಯನ್, ಅಯೋನಿಯನ್, ಈಯೋಲಿಯನ್, ಅಕೀಯನ್ ಎಂಬ ಜನವರ್ಗಗಳ ನಕ್ಷೆಯನ್ನೇ ಕುಟುಂಬವಾಗಿ ಬರೆದಂತೆ. ಯೂರಿಪಿಡಿಸ್ ಅಥೆನ್ಸ್‌ನ ರಂಗದ ಮೇಲೆ ಇದನ್ನು ತಿರುಗಿಸಿಟ್ಟ. ಅವನ ನಾಟಕದಲ್ಲಿ ಅಯಾನ್ ಅಪೊಲೊ ದೇವನಿಗೆ ಅಥೆನ್ಸ್‌ನ ರಾಜಕುಮಾರಿ ಕ್ರಿಯೂಸಾಳಲ್ಲಿ ಹುಟ್ಟಿದವನು. ಡೋರಸ್ ಆಮೇಲೆ ಅದೇ ಕ್ರಿಯೂಸಾ ಕ್ಸೂಥಸ್‌ಗೆ ಹೆರುವ ಮಗ. ಸ್ಪಾರ್ಟಾದವರ ಮೂಲಪುರುಷ ಹೀಗೆ ಅಥೆನ್ಸ್‌ನವರ ಮೂಲಪುರುಷನ ತಮ್ಮನಾದ, ಅದೂ ದೇವರ ರಕ್ತವಿಲ್ಲದ ತಮ್ಮ. ಆ ಎರಡು ಊರುಗಳ ನಡುವಿನ ಹಗೆ ಗೊತ್ತಿರುವವರಿಗೆ ಈ ಒಂದು ಗೆರೆಯ ಬೆಲೆ ತಿಳಿಯುತ್ತದೆ.

ಕಥೆಯ ಒಳಗಿನ ಅಗತ್ಯಕ್ಕೆ ಹಂತ 3ರ ಹೆಫೆಸ್ಟಸ್ ಚೀಟಿಗೆ ಮರಳಿ. ಹೆಸಿಯಡ್‌ನಲ್ಲಿ ಅಥೀನಾ ಹುಟ್ಟಿದ್ದಕ್ಕೆ ಪ್ರತಿಯಾಗಿ ಹೆಫೆಸ್ಟಸ್ ಹುಟ್ಟುತ್ತಾನೆ. ಪಿಂಡಾರ್‌ನಲ್ಲಿ ಅಥೀನಾ ಹೊರಬರಲು ಜ್ಯೂಸ್‌ನ ತಲೆಯನ್ನು ಕೊಡಲಿಯಿಂದ ಸೀಳುವವನೇ ಹೆಫೆಸ್ಟಸ್. ಎರಡೂ ಒಟ್ಟಿಗೆ ನಿಲ್ಲಲಾರವು. ಒಂದು ಕಥೆಗೆ ಹೆಂಡತಿಯ ಸೇಡು ಬೇಕಿತ್ತು, ಇನ್ನೊಂದಕ್ಕೆ ಕಮ್ಮಾರ ಬೇಕಿದ್ದ. ಈಡಿಪಸ್‌ನ ಮಕ್ಕಳ ವಿಷಯದಲ್ಲೂ ಪೌಸೇನಿಯಸ್ ಹೀಗೇ ತರ್ಕ ಮಾಡುತ್ತಾನೆ. ತಾಯಿ ಮಗ ಮದುವೆಯಾದದ್ದನ್ನು ದೇವರುಗಳು ಬೇಗನೆ ಬಯಲು ಮಾಡಿದರು ಎಂದು ಹೋಮರ್ ಹೇಳಿದ ಮೇಲೆ ಅವಳಲ್ಲಿ ನಾಲ್ಕು ಮಕ್ಕಳು ಹೇಗೆ ಹುಟ್ಟಿಯಾರು? ಅವರು ಯೂರಿಗನಿಯಾ ಎಂಬ ಬೇರೆ ಹೆಂಡತಿಯ ಮಕ್ಕಳು ಎನ್ನುತ್ತಾನೆ, ಹಳೆಯ ಕಾವ್ಯವೊಂದರ ಆಧಾರ ಕೊಡುತ್ತಾನೆ. ಈಡಿಪಸ್‌ನ ಮಗಳು ಆಂಟಿಗನಿ ತನ್ನ ತಂದೆಗೆ ತಂಗಿಯೂ ಹೌದು ಎಂಬ ಸಂಕಟ ಆ ಪಾಠದಲ್ಲಿ ಇಲ್ಲವೇ ಇಲ್ಲ.

ಹಂತ 9: ಈಗ ದೇವತೆಗಳ ಕಡೆಗೆ

ಇಲ್ಲಿ ತಲೆಮಾರಿನ ಲೆಕ್ಕ ಕೆಲಸಕ್ಕೆ ಬಾರದು. ವಿಧಿದೇವತೆಗಳಾದ ಮೂವರು ಮೊಯಿರಾಗಳನ್ನು ಥಿಯಾಗನಿ ಒಂದು ಕಡೆ ರಾತ್ರಿಯ ಮಕ್ಕಳು ಎನ್ನುತ್ತದೆ, ಸುಮಾರು ಏಳುನೂರು ಸಾಲು ದಾಟಿದ ಮೇಲೆ ಜ್ಯೂಸ್ ಮತ್ತು ಥೆಮಿಸ್‌ನ ಮಕ್ಕಳು ಎನ್ನುತ್ತದೆ. ಒಂದೇ ಕಾವ್ಯ, ಎರಡು ಮಾತು. ಮೊದಲನೆಯದು ವಿಧಿಯ ಕರಾಳತೆಯನ್ನು ಹೇಳಿದರೆ, ಎರಡನೆಯದು ವಿಧಿಯನ್ನು ಜ್ಯೂಸ್‌ನ ಆಡಳಿತದೊಳಗೆ ತರುತ್ತದೆ. ದೇವತೆಗಳ ತಂದೆತಾಯಿ ಎಂದರೆ ಬಹಳ ಸಲ ಅವರ ಸ್ವಭಾವದ ವರ್ಣನೆ ಎಂದೇ ತಿಳಿಯಿರಿ. ಈರೋಸ್ ಹೆಸಿಯಡ್‌ಗೆ ಸೃಷ್ಟಿಯ ಆದಿಯಲ್ಲೇ ಇದ್ದವನು, ನಂತರದ ಕವಿಗಳಿಗೆ ಅಫ್ರೊಡೈಟಿಯ ತುಂಟ ಮಗ. ಪ್ಲೇಟೊನ ‘ಸಿಂಪೋಸಿಯಂ’ನಲ್ಲಿ ಅವನು ಉಪಾಯ ಮತ್ತು ಬಡತನದ ಮಗ.

ಅಣ್ಣತಮ್ಮಂದಿರ ಕ್ರಮವೂ ಹೀಗೇ. ಹೆಸಿಯಡ್‌ನಲ್ಲಿ ಜ್ಯೂಸ್ ಕಿರಿಯ, ಇಲಿಯಡ್‌ನಲ್ಲಿ ಪೊಸೈಡನ್‌ಗಿಂತ ಹಿರಿಯ. ಅಫ್ರೊಡೈಟಿಯ ಸ್ತೋತ್ರವೊಂದು ಹೆಸ್ಟಿಯಾಳನ್ನು ಕ್ರೋನಸ್‌ನ ಮೊದಲ ಮಗು ಎಂದೂ ಕೊನೆಯ ಮಗು ಎಂದೂ ಒಟ್ಟಿಗೇ ಕರೆಯುತ್ತದೆ: ಹುಟ್ಟಿದ ಮಕ್ಕಳನ್ನು ನುಂಗುತ್ತಿದ್ದ ಕ್ರೋನಸ್‌ನಿಂದ ಮೊದಲು ಹುಟ್ಟಿ ಮೊದಲು ನುಂಗಿಸಿಕೊಂಡವಳು, ಅವನು ಕಾರುವಾಗ ಕೊನೆಗೆ ಹೊರಬಂದವಳು. ದೇವತೆಗಳಿಗೆ ಗೆರೆ ಎಳೆಯುವ ಬದಲು, ನಡುವೆ ಹೆಸರು ಬರೆದು ಸುತ್ತಲೂ ಚೀಟಿಗಳನ್ನು ಅಂಟಿಸಿ. ನೋಡಲೂ ಚೆನ್ನ, ಸತ್ಯಕ್ಕೂ ಹತ್ತಿರ.

ಹಂತ 10: ಹೆಲೆನ್‌ಳ ಮನೆಯನ್ನು ನೀವೇ ಬರೆಯಿರಿ

ಕಲಿತದ್ದೆಲ್ಲ ಇಲ್ಲಿ ಬೇಕಾಗುತ್ತದೆ. ಲೀಡಾಳಿಂದ ಹೆಲೆನ್‌ಗೆ ಒಂದು ಗೆರೆ ಬರಲಿ. ಸ್ಪಾರ್ಟಾದ ಒಂದು ಗುಡಿಯಲ್ಲಿ ಚಾವಣಿಯಿಂದ ರಿಬ್ಬನ್ ಕಟ್ಟಿ ತೂಗುಹಾಕಿದ್ದ ಮೊಟ್ಟೆಯನ್ನು ಪೌಸೇನಿಯಸ್‌ಗೆ ಲೀಡಾಳ ಮೊಟ್ಟೆ ಎಂದೇ ಹೇಳಿದ್ದರು. ‘ಸಿಪ್ರಿಯಾ’ ಎಂಬ ಹಳೆಯ ಕಾವ್ಯದಿಂದ ಇನ್ನೊಂದು ಗೆರೆ: ತಾಯಿ ಪ್ರತೀಕಾರದ ದೇವತೆ ನೆಮೆಸಿಸ್, ಜ್ಯೂಸ್‌ನಿಂದ ತಪ್ಪಿಸಿಕೊಳ್ಳಲು ರೂಪದ ಮೇಲೆ ರೂಪ ಬದಲಿಸಿದವಳು. ಅಪೊಲೊಡೋರಸ್ ಎರಡನ್ನೂ ಹೊಲಿಯುತ್ತಾನೆ: ಮೊಟ್ಟೆ ನೆಮೆಸಿಸ್‌ಳದು, ಕುರುಬನೊಬ್ಬ ಅದನ್ನು ಲೀಡಾಳಿಗೆ ತಂದುಕೊಟ್ಟ, ಆಕೆ ಪೆಟ್ಟಿಗೆಯಲ್ಲಿಟ್ಟು ಮಗಳನ್ನು ಸಾಕಿದಳು. ಕೆಳಗೆ ಇಫಿಜನಿಯಾಳಿಗೂ ಎರಡು ಗೆರೆ ಬೇಕು. ಹೆಚ್ಚಿನವರಿಗೆ ಆಕೆ ಅಗಮೆಮ್ನಾನ್ ಮತ್ತು ಕ್ಲೈಟಮ್ನೆಸ್ಟ್ರಾಳ ಮಗಳು. ಆರ್ಗೋಸ್‌ನವರಿಗೆ, ಸ್ಟೆಸಿಕೋರಸ್‌ನಂಥ ಕವಿಗಳಿಗೆ, ಥೀಸಿಯಸ್ ಹೆಲೆನ್‌ಳನ್ನು ಹೊತ್ತೊಯ್ದಾಗ ಅವರಿಗೆ ಹುಟ್ಟಿ ಹೆಲೆನ್‌ಳ ಅಕ್ಕ ಕ್ಲೈಟಮ್ನೆಸ್ಟ್ರಾಳ ಮಡಿಲಿಗೆ ಹೋದ ಮಗು. ಆರ್ಗೋಸ್‌ನಲ್ಲಿ ಹೆಲೆನ್ ಹೆರಿಗೆಯಾದ ಮೇಲೆ ಕಟ್ಟಿಸಿದಳೆನ್ನುವ ಹೆರಿಗೆ ದೇವತೆಯ ಗುಡಿಯನ್ನೇ ತೋರಿಸುತ್ತಿದ್ದರು. ಇಲಿಯಡ್‌ನಲ್ಲಿ ಅಗಮೆಮ್ನಾನ್ ಎಣಿಸುವ ಮೂವರು ಹೆಣ್ಣುಮಕ್ಕಳು ಕ್ರೈಸೊಥೆಮಿಸ್, ಲಾವೊಡಿಸಿ, ಇಫಿಯನಾಸಾ. ಎಲೆಕ್ಟ್ರಾ ಎಂಬ ಹೆಸರಿಲ್ಲ, ಇಫಿಜನಿಯಾ ಎಂಬ ಹೆಸರೂ ಇಲ್ಲ. ಅಗಮೆಮ್ನಾನ್‌ನ ಮೇಲೂ ಎರಡು ಗೆರೆ: ಹೋಮರ್‌ಗೆ ಅವನು ಏಟ್ರಿಯಸ್‌ನ ಮಗ, ಬೇರೆ ಕೆಲವರಿಗೆ ಪ್ಲೈಸ್ಥನೀಸ್‌ನ ಮಗ.

ಹಾಳೆ ತುಂಬಿದ ಮೇಲೆ ಗೆರೆಗಳು ದಟ್ಟವಾಗಿ ಕಂಡು ಕೈ ರಬ್ಬರಿನ ಕಡೆ ಹೋದರೆ, ಅಟಿಕಾದ ಈಶಾನ್ಯ ಕರಾವಳಿಯ ರಾಮ್ನಸ್ ಎಂಬ ಊರನ್ನು ನೆನಪಿಸಿಕೊಳ್ಳಿ. ಅಲ್ಲಿ ನೆಮೆಸಿಸ್‌ಳ ದೇಗುಲವಿತ್ತು. ಕ್ರಿ.ಪೂ. 5ನೇ ಶತಮಾನದ ಆ ಮೂರ್ತಿಯ ಪೀಠದ ಮೇಲೆ ಶಿಲ್ಪಿ ಏನು ಕೆತ್ತಿದ್ದ ಎಂಬುದನ್ನು ಪೌಸೇನಿಯಸ್ ಬರೆದಿಟ್ಟಿದ್ದಾನೆ, ಪೀಠದ ಚೂರುಗಳೂ ಉಳಿದಿವೆ. ಹೆತ್ತವಳು ನೆಮೆಸಿಸ್, ಹಾಲೂಡಿ ಬೆಳೆಸಿದವಳು ಲೀಡಾ ಎಂಬುದು ಅಲ್ಲಿಯ ಕಥೆ. ಕಲ್ಲಿನಲ್ಲಿ ಲೀಡಾ ಹೆಲೆನ್‌ಳ ಕೈಹಿಡಿದು ನೆಮೆಸಿಸ್‌ಳ ಬಳಿಗೆ ಕರೆತರುತ್ತಿದ್ದಾಳೆ.